ಬಿಸಿಲಿಗಿಟ್ಟ ನೀರು

ಹಳೇಬೀಡಿನ ಬಸದಿ ಬೀದಿಯಲ್ಲಿ ಕೆಂಪು ನೀರಿನ ಬಾವಿಯೊಂದಿತ್ತಂತೆ. ಅದರ ನೀರನ್ನು ತಿಳಿ ಮಾಡಿಕೊಡುತ್ತೇನೆಂದು ತಮ್ಮನೊಬ್ಬ ಅಕ್ಕನಿಗೆ ಮಾತು ಕೊಟ್ಟಿದ್ದನಂತೆ. ಇನ್ನು ಮೇಲೆ ನೆರೆಹೊರೆಯ ಮಕ್ಕಳಿಗೆ ಹೀಗೇ ಹೇಳಬೇಕು ಎಂದುಕೊಳ್ಳುತ್ತ ರಾಜಮತಿ ಹಗ್ಗ ಸೇದಿದಳು. ಕೊಡ ಮೇಲೆ ಬಂತು. ಅದೇ ಕೆಂಪು.

"ಈ ನೀರಲ್ಲಿ ಮೇಷ್ಟ್ರಿಗೆ ಸ್ನಾನ ಮಾಡ್ಸಕ್ಕಾಯ್ತದಾ ಅಕ್ಕಾವ್ರೆ? ನಮ್ಮ ತೋಟದ ಬಾವೀದು ತತ್ತೀನಿ, ಬಿಡಿ" ಎಂದ ಪಕ್ಕದ ಮನೆಯ ಹುಚ್ಚಣ್ಣ.

"ಬೇಡ ಹುಚ್ಚಣ್ಣ. ಹುಟ್ಟಿದಾಗ ಅವನಿಗೆ ಎರೆದಿದ್ದು ಇದೇ ಬಾವಿ ನೀರು."

ನಡುಮನೆಯಲ್ಲಿ ತಮ್ಮ ಸುಮತಿಕುಮಾರ ಮಲಗಿದ್ದ. ಅರಸೀಕೆರೆ ಕಾಲೇಜಿನ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ದುಡಿದವನು. ಇಂದು ಬೆಳಿಗ್ಗೆಯೂ, ಎಲ್ಲ ಸೋಮವಾರದಂತೆ, ಮೊದಲ ಬಸ್ಸಿಗೆ ಮುಂಚೆ ತಾರಸಿಯಲ್ಲಿ ಬಾವಿ ನೀರು ತುಂಬಿದ ಗಾಜಿನ ತಟ್ಟೆಗಳನ್ನು ಜೋಡಿಸಿ ಇಳಿದವನು ಕೊನೆಯ ಮೆಟ್ಟಿಲಲ್ಲಿ ಎದೆ ಹಿಡಿದು ಕೂತ. ಏಳಲಿಲ್ಲ.

"ಹಪ್ಪಳ ಒಣಗಿಸ್ದಂಗೆ ನೀರು ಒಣಗಿಸ್ತಾರೆ ಅಂತ ನಮ್ಮೆಜಮಾನ್ರು ಆಡ್ಕೊಳ್ಳೋರು" ಎಂದಳು ಎದುರುಮನೆಯ ವಿಶಾಲಮ್ಮ, ಸೆರಗಿನಿಂದ ಮೂಗೊರೆಸುತ್ತ. "ಮೇಷ್ಟ್ರೂ ನಗೋರು, ಪಾಪ."

\*

ಎಂಬತ್ತೆರಡನೇ ಇಸವಿಯಲ್ಲಿ ಹಿತ್ತಿಲಾಚೆ ನೂಲಿಗೆ ಬಣ್ಣ ಹಾಕುವ ಶೆಡ್ಡು ಬಂದು ಬಾವಿ ಕೆಟ್ಟಿತ್ತು. ಅರ್ಜಿಗಳು ಹೋದವು, ಉತ್ತರ ಬರಲಿಲ್ಲ. ಸೋಸದ ನೀರನ್ನು ಮುಟ್ಟದ ಜೈನರ ಮನೆ ಅವರದು. ಬಟ್ಟೆಯಲ್ಲಿ ಸಿಕ್ಕ ಹುಳುವನ್ನು ಮರಳಿ ಅದೇ ಬಾವಿಗಿಳಿಸುವ ರೂಢಿ. ರಾಜಮತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೂ ಕೆಂಪು ಇಳಿದೇ ಇಳಿಯಿತು.

"ಅದು ಬಟ್ಟೆಗೆ ಸಿಗಲ್ಲ ಕಣಕ್ಕ, ಬೆಳಕಿಗೆ ಸಿಗುತ್ತೆ." ಸುಮತಿಕುಮಾರ ಬಿಳಿ ಪುಡಿಯ ಪೊಟ್ಟಣ ಬಿಚ್ಚಿದ. "ಅರೆವಾಹಕ ಅಂತ. ನಿನ್ನ ರೇಡಿಯೋದೊಳಗೆ ಇರೋದರ ನೆಂಟ. ನುಣ್ಣಗಾದಷ್ಟೂ ಚುರುಕು. ಬಿಸಿಲು ಬಿದ್ರೆ ಬಣ್ಣನ ಮುರಿದು ಹಾಕುತ್ತೆ. ಈ ಬಾವೀದೇ ಒಂದು ಕೊಡ ತಿಳಿನೀರು ನಿನ್ನ ಕೈಗೆ ಕೊಡ್ತೀನಿ, ನೋಡ್ತಿರು."

ಕಾಲೇಜಿನಲ್ಲಿ ಒಂದೇ ಹಗಲಿಗೆ ತಿಳಿಯಾಗುತ್ತಿದ್ದ ನೀರು ಮನೆಯ ತಾರಸಿಯಲ್ಲಿ ವಾರವಿಡೀ ಕೆಂಪಾಗೇ ಉಳಿಯುತ್ತಿತ್ತು. ಶನಿವಾರ ಸಂಜೆ ಬಂದು ನೋಡುವನು, ಭಾನುವಾರವೆಲ್ಲ ಪುಡಿಯನ್ನು ಇನ್ನಷ್ಟು ಅರೆಯುವನು. ಮೂರು ವರ್ಷ. "ಎಲ್ಲಿ ತಪ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲ ಅಕ್ಕ."

\*

ತಂಗಿ ಜಯಮಾಲಾ ಬಾಣಾವರದಿಂದ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಬೇಗ ಸ್ನಾನ ಮಾಡಿಸಿ ಹೆಣ ಎತ್ತಲು ಎಲ್ಲರೂ ಅವಸರ ಮಾಡಿದರು. ರಾಜಮತಿ ತಟಕ್ಕನೆ ಎದ್ದು, ಹಳೆಯ ಸೀರೆಯೊಂದನ್ನು ಹಿಡಿದು ತಾರಸಿಗೆ ಓಡಿದಳು.

"ಏನಕ್ಕಾವ್ರೆ?" ಹುಚ್ಚಣ್ಣ ಹಿಂದೆಯೇ ಬಂದ.

"ತಟ್ಟೆ ಮುಚ್ಚೋದೇ ಮರೆತೆ! ಹುಳ ಬಿದ್ದು ಸಾಯ್ತಾವಲ್ಲ. ಅವನು ಬಸ್ ಹತ್ತಿದ ಮೇಲೆ ಮುಚ್ಚಿಬಿಟ್ರೆ, ಶನಿವಾರ ಅವನು ಬರೋ ಮುಂಚೇನೇ ತೆಗೆಯೋದು. ಸೀರೆ ಮೇಲಿಂದಾನೂ ಬಿಸಿ ತಾಗುತ್ತಲ್ಲ…"

ಸೀರೆ ಬಿಡಿಸುತ್ತ ಅವಳು ತಟ್ಟೆಗಳತ್ತ ಬಗ್ಗಿದಳು.

ಎಂಟೂ ತಟ್ಟೆಗಳ ನೀರು ತಿಳಿಯಾಗಿತ್ತು. ಬಿಳಿ ಪುಡಿ ತಳಕ್ಕೆ ಕೂತಿತ್ತು. ಒಂದರಲ್ಲಿ ಪುಟ್ಟ ಹುಳುವೊಂದು ತೇಲುತ್ತಿತ್ತು.

"ಮೇಷ್ಟ್ರು ಗೆದ್ದರು ಕಣ್ರೀ!" ಎಂದುಬಿಟ್ಟ ಹುಚ್ಚಣ್ಣ, ಅವಳ ಮುಖ ನೋಡಿ ತಲೆ ತಗ್ಗಿಸಿದ. "ಮುಚ್ಚೋದು… ಅವರಿಗೆ ಗೊತ್ತಿತ್ತಾ?"

"ಅವನು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ."

ಹಿತ್ತಿಲಾಚೆ ಶೆಡ್ಡಿನ ಕಾಲುವೆ ಎಂದಿನಂತೆ ಕೆಂಪಗೆ ಹರಿಯುತ್ತಿತ್ತು.

ರಾಜಮತಿ ಅದೇ ಸೀರೆಯನ್ನು ಮಡಿಸಿ, ಹುಚ್ಚಣ್ಣ ತಂದುಕೊಟ್ಟ ಖಾಲಿ ಕೊಡದ ಬಾಯಿಗೆ ಹೊದಿಸಿ, ತಟ್ಟೆಗಳನ್ನು ಒಂದೊಂದಾಗಿ ಮೆಲ್ಲಗೆ ಬಗ್ಗಿಸಿದಳು. ಸರಿಯಾಗಿ ಒಂದು ಕೊಡ. ಬಟ್ಟೆಯಲ್ಲಿ ಉಳಿದ ಹುಳುವನ್ನು ಕೆಳಗೊಯ್ದು ಕೆಂಪು ಬಾವಿಗೆ ಇಳಿಸಿದಳು. ಆಮೇಲೆ ತಮ್ಮನ ಪಕ್ಕ ಕೂತು ಮೊದಲ ಚೊಂಬು ಎರೆದಳು.

ನೀರು ಹಣೆಯಿಂದ ಎದೆಗೆ, ಎದೆಯಿಂದ ಕೈಗೆ ತಿಳಿಯಾಗಿ ಹರಿಯಿತು. ಅವನ ಉಗುರಿನ ಸಂದಿಯ ಕೆಂಪನ್ನು ಅವಳು ಹೆಬ್ಬೆರಳಿನಿಂದ ಉಜ್ಜಿದಳು, ಮತ್ತೆ ಉಜ್ಜಿದಳು. ಕೊಡ ಖಾಲಿಯಾಯಿತು.