ದೊಡ್ಡಪ್ಪನ ಹೃದಯ ಬಡಿತ

ಗಂಡ ಫೋನನ್ನು ಮನೆಯಲ್ಲೇ ಮರೆತು ಕೆಲಸಕ್ಕೆ ಹೋದ ದಿನವೇ ದೊಡ್ಡಪ್ಪನ ಹೃದಯ ನಿಂತಿತು. ಹಾಗೆಂದು ಆ ಫೋನೇ ಹೇಳಿತು. ಬಟ್ಟೆ ಹಿಂಡುತ್ತಿದ್ದವಳು ಕೈ ಒರೆಸಿಕೊಂಡು ನೋಡಿದರೆ, ಪರದೆಯ ಮೇಲೆ ಕೆಂಪು ಅಕ್ಷರ: ‘ದೊಡ್ಡಪ್ಪ: ಹೃದಯ ಬಡಿತ ಸಿಗುತ್ತಿಲ್ಲ.’

ದೊಡ್ಡಪ್ಪ ಎಂದರೆ ಗಂಡನ ತಂದೆಯ ಅಣ್ಣ. ತಂದೆಯಿಲ್ಲದ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಈಗ ಇಬ್ಬರಿಗೂ ಮಾತಿಲ್ಲ. ದೊಡ್ಡಪ್ಪನ ಮಗಳ ಮದುವೆಯಲ್ಲಿ ವೀಡಿಯೊ ತೆಗೆಯುವ ಹೊಣೆ ಗಂಡನದಾಗಿತ್ತು. ಇಡೀ ಮದುವೆಯನ್ನು ಕ್ಯಾಮರಾದೊಳಗಿಂದ ಕಣ್ತುಂಬ ನೋಡಿದ ಮಹಾರಾಯ ರೆಕಾರ್ಡ್ ಗುಂಡಿಯನ್ನೇ ಒತ್ತಿರಲಿಲ್ಲ. ದೊಡ್ಡಪ್ಪ ನೆಂಟರಿಷ್ಟರ ಎದುರೇ ಬೈದರು, ಇವನು ಊಟ ಬಿಟ್ಟು ಎದ್ದುಬಂದ. ಆಮೇಲೆ ಅವನಿಗೆ ಸಿಕ್ಕಿದ್ದು ಎಂಥ ಕೆಲಸ ಅಂತೀರಿ? ದೊಡ್ಡ ಬಟ್ಟೆ ಅಂಗಡಿಯಲ್ಲಿ ಕಾವಲು ಕ್ಯಾಮರಾಗಳ ರೆಕಾರ್ಡಿಂಗ್ ನಿಲ್ಲದಂತೆ ನೋಡಿಕೊಳ್ಳುವುದು.

ಅಂಗಡಿಗೆ ಫೋನ್ ಮಾಡಿದರೆ ಲೈನು ಬಿಡುವೇ ಇಲ್ಲ. ದೊಡ್ಡಪ್ಪನ ನಂಬರನ್ನು ಗಂಡ ಎಂದೋ ಅಳಿಸಿಹಾಕಿದ್ದ. ಇದ್ದ ಬಟ್ಟೆಯಲ್ಲೇ ದೊಡ್ಡಪ್ಪನ ಮನೆಗೆ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಫೋನು ಸುಮ್ಮನಿರಲಿಲ್ಲ. ‘ದೊಡ್ಡಪ್ಪ: ಸೇವೆ ನಿಂತಿದೆ.’ ಯಾರ ಸೇವೆ? ಮಾಡುತ್ತಿದ್ದವರಾದರೂ ಯಾರು? ಕಣ್ಣೊರೆಸಿಕೊಳ್ಳುವಷ್ಟರಲ್ಲಿ, ‘ದೊಡ್ಡಪ್ಪ: ಮತ್ತೆ ಎಬ್ಬಿಸಲಾಗಿದೆ. ಆರೋಗ್ಯ ಉತ್ತಮ.’ ಸದ್ಯ ಬದುಕಿದರು ಎಂದು ಉಸಿರು ಬಿಟ್ಟಳು. ಮುಂದಿನ ನಿಲ್ದಾಣ ಬರುವ ಮೊದಲೇ ಮತ್ತೆ ಬಡಿತವಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರಿಗೆ ಏನಾಯಿತು ಎಂದು ವಿಚಾರಿಸಿದಳು. ಏನೆಂದು ಹೇಳುವುದು? ಹೋದರು, ಬಂದರು, ಮತ್ತೆ ಹೋದರು ಎನ್ನಲೇ?

ಬಾಗಿಲು ತೆರೆದವರು ಸಾಕ್ಷಾತ್ ದೊಡ್ಡಪ್ಪನೇ. ಕೆನ್ನೆಗೆ ಕ್ಷೌರದ ಸೋಪು ಹಚ್ಚಿಕೊಂಡು ಗುಂಡುಕಲ್ಲಿನ ಹಾಗೆ ನಿಂತಿದ್ದರು. ಅವಳು ಅಳುತ್ತಾ ನಗುತ್ತಾ ಫೋನನ್ನು ಅವರ ಕೈಗಿಟ್ಟಳು. ಅವರು ಕನ್ನಡಕ ಹುಡುಕಿ ತಂದು, ಅವಳು ಗಾಬರಿಯಲ್ಲಿ ಓದದೆ ಬಿಟ್ಟಿದ್ದ ಮೇಲಿನ ಸಣ್ಣ ಅಕ್ಷರಗಳಿಂದ ಓದತೊಡಗಿದರು: ‘ಬಟ್ಟೆ ಅಂಗಡಿ, ನೆಲಮಾಳಿಗೆ, ರೆಕಾರ್ಡಿಂಗ್ ಕಂಪ್ಯೂಟರ್.’

ಅವಳ ಮುಖ ಕೆಂಪಾಯಿತು. ಗಂಡ ಆ ಯಂತ್ರಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದಾನೆ. ಯಂತ್ರ ಓಡುತ್ತಿದೆ ಎಂದು ತಿಳಿಸುವ ಸಂಕೇತಕ್ಕೇ ಹೃದಯ ಬಡಿತ ಎನ್ನುವುದು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವರ ಹಾಗೆ ಇವಳು ಓಡಿಬಂದಿದ್ದಾಳೆ.

ತನ್ನ ಹೆಸರೇಕೆ ಇಟ್ಟ ಎಂದು ದೊಡ್ಡಪ್ಪ ಕೇಳಿದರು. ಕಂಡದ್ದನ್ನೆಲ್ಲ ಒಳಗಿಟ್ಟುಕೊಳ್ಳುತ್ತದೆ, ಒಂದನ್ನೂ ಮರೆಯುವುದಿಲ್ಲ ಎಂದು ಗಂಡ ಆ ಯಂತ್ರದ ಬಗ್ಗೆ ಹೇಳುತ್ತಿದ್ದುದು ಅವಳಿಗೆ ನೆನಪಾಯಿತು. ಅದು ಹೊಗಳಿಕೆಯೋ ತೆಗಳಿಕೆಯೋ ಅವಳಿಗೆ ಈಗಲೂ ಗೊತ್ತಿಲ್ಲ.

ಅಷ್ಟರಲ್ಲಿ ಫೋನು ಇನ್ನೊಮ್ಮೆ ಸದ್ದು ಮಾಡಿತು. ‘ದೊಡ್ಡಪ್ಪ: ಜಾಗ ತುಂಬಿದೆ. ಎಲ್ಲಕ್ಕಿಂತ ಹಳೆಯದನ್ನು ಮೊದಲು ಅಳಿಸಬಹುದೇ?’ ಕೆಳಗೆ ಎರಡು ಗುಂಡಿ: ‘ಹೌದು’, ‘ಬೇಡ’.

ಕೆನ್ನೆಯ ಮೇಲಿನ ಸೋಪು ಒಣಗಿದರೂ ದೊಡ್ಡಪ್ಪ ಆ ಪ್ರಶ್ನೆಯನ್ನೇ ನೋಡುತ್ತಿದ್ದರು.

“ಜಗಳ ಆಗಿದ್ದು ಮೊನ್ನೆ ಮೊನ್ನೆ. ಹಳೇದು ಮೊದಲು ಹೋದ್ರೆ ಅವನು ನನ್ನ ಹೆಗಲ ಮೇಲೆ ಕೂತಿದ್ದು ಹೋಗುತ್ತಮ್ಮ. ಜಗಳ ಉಳ್ಕೊಳುತ್ತೆ.”

ಅಂಗಡಿಯವರ ಕಂಪ್ಯೂಟರು, ಮುಟ್ಟಬೇಡಿ ಮಾವ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ‘ಬೇಡ’ ಒತ್ತಿಯೇಬಿಟ್ಟಿದ್ದರು.

ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ಅಂಗಡಿಯ ನಂಬರು. ಅವಳು ಕೈ ಚಾಚುವ ಮೊದಲೇ ದೊಡ್ಡಪ್ಪ ಕಿವಿಗಿಟ್ಟುಕೊಂಡರು. ಗಂಡನ ಕೂಗು ಅವಳಿಗೂ ಕೇಳಿಸಿತು.

“ಬೇಡ ಅಂತ ಒತ್ತಿದ್ದು ನೀನೇನೇ? ಜಾಗ ಸಿಗದೆ ದೊಡ್ಡಪ್ಪ ಪೂರ್ತಿ ಹೋದ್ರು ಕಣೇ. ಅವರಿಲ್ದೆ ನನಗಿಲ್ಲಿ ಏನೂ ತೋಚ್ತಿಲ್ಲ.”

“ಹೋಗಿಲ್ಲ. ಇಲ್ಲೇ ಇದ್ದೀನಿ,” ಎಂದರು ದೊಡ್ಡಪ್ಪ.

ಕೂಗು ನಿಂತಿತು. ಆಮೇಲೆ ಸಣ್ಣ ದನಿಯೊಂದು ಕೇಳಿತು.

“ಯಾವ ದೊಡ್ಡಪ್ಪ?”

“ನಿನಗೆ ಎಷ್ಟು ಜನ ಇದ್ದಾರೋ?”

ಮೂಗೆಳೆದುಕೊಂಡ ಸದ್ದು ಬಂತು. ಅದು ಫೋನಿನ ಆ ಕಡೆಯದೋ ಈ ಕಡೆಯದೋ ಅವಳಿಗೆ ತಿಳಿಯಲಿಲ್ಲ.