ಮೂರಂದರೆ ನಾಲ್ಕು

ನಮ್ಮ ಹಟ್ಟಿಯಲ್ಲಿ ಯಾರಿಗೂ ತಮ್ಮ ಕುರಿಗಳ ಲೆಕ್ಕ ಗೊತ್ತಿಲ್ಲ ಎಂದುಕೊಂಡರೆ ನೀವು ಮೋಸ ಹೋದಿರಿ. ಎಲ್ಲರಿಗೂ ಗೊತ್ತು, ನೆನ್ನೆ ಹುಟ್ಟಿದ ಮರಿ ಸಮೇತ. ಆದರೆ ಒಡೆಯನಾದವನು ಪೂರ್ತಿ ಲೆಕ್ಕವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಮಂದೆಗೆ ಕೇಡು. ಕೇಳಿದವರಿಗೆ ಒಂದಿಷ್ಟು ಕಡಿಮೆ ಹೇಳಿ, ಮಳೆಯ ವಿಷಯಕ್ಕೋ ಮದುವೆಯ ವಿಷಯಕ್ಕೋ ಮಾತು ತಿರುಗಿಸಬೇಕು. ಇದನ್ನು ನಮ್ಮಲ್ಲಿ ಯಾರೂ ಸುಳ್ಳು ಎನ್ನುವುದಿಲ್ಲ. ಎದುರಿಗೆ ಬಂದ ಹಿರಿಯರಿಗೆ ದಾರಿ ಬಿಟ್ಟ ಹಾಗೆ, ಅದೊಂದು ನಡವಳಿಕೆ ಅಷ್ಟೆ.

ಇಂಥ ಹಟ್ಟಿಯಲ್ಲಿ ಹುಟ್ಟಿದ ನಾನು ಓದಿದ್ದು ಸಂಖ್ಯಾಶಾಸ್ತ್ರ. ದಾವಣಗೆರೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ರೋಗವೊಂದು ಪ್ರಾಣಿಯಿಂದ ಪ್ರಾಣಿಗೆ ಹೇಗೆ ಹಬ್ಬುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆದು, ಮುಂದೆ ಏನಾಗುವ ಸಂಭವ ಎಷ್ಟು ಎಂದು ಹೇಳುವ ಕೆಲಸ. ಅದಕ್ಕೆ ಗಣಿತದ ಮಾದರಿ ಎನ್ನುತ್ತೇವೆ. ನಮ್ಮಪ್ಪ ಉಗ್ರಪ್ಪ ಮಾತ್ರ ಕಂಡಕಂಡವರಿಗೆಲ್ಲ "ನನ್ ಮಗಳು ದೀಪಾ ಕುರಿ ಡಾಕ್ಟ್ರು" ಎಂದು ಹೇಳಿಕೊಂಡು ಬಂದಿದ್ದಾನೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟೆ.

ಕಳೆದ ಚಳಿಗಾಲದಲ್ಲಿ ಆಂಧ್ರದ ಗಡಿಯ ಕಡೆ ಕುರಿಗಳಿಗೆ ಸಿಡುಬು ಬಿತ್ತು. ಹಿರಿಯೂರು ತಾಲ್ಲೂಕಿನ ನಮ್ಮ ಭಾಗಕ್ಕೆ ಲಸಿಕೆ ಬರುತ್ತದೆ ಎಂದು ಗೊತ್ತಾಯಿತು, ಎಲ್ಲಕ್ಕೂ ಸಾಲುವಷ್ಟು ಬರುವುದಿಲ್ಲ ಎಂದೂ ಗೊತ್ತಾಯಿತು. ಯಲ್ಲದಕೆರೆಯ ಸುತ್ತಮುತ್ತ ನೋಡಿಕೊಳ್ಳುವ ಪಶುವೈದ್ಯೆ ಮೇಘಶ್ರೀ ಮೇಡಂ ನನಗೆ ಫೋನ್ ಮಾಡಿದರು.

"ಎಷ್ಟು ಕುರಿಗೆ ಹಾಕಿದ್ರೆ ಸಾಕು ಅಂತ ನಿಮ್ಮ ಮಾದರಿ ಹೇಳುತ್ತಾ ದೀಪಾ?"

ಹೇಳಿತು. ನೂರಕ್ಕೆ ಎಪ್ಪತ್ತೈದು. ಮುಕ್ಕಾಲು ಪಾಲು ಕುರಿಗಳಿಗೆ ಹಾಕಿದರೆ ರೋಗಕ್ಕೆ ಹಬ್ಬಲು ದಾರಿ ಸಿಗದೆ, ಉಳಿದ ಕಾಲು ಪಾಲೂ ಬಹುಮಟ್ಟಿಗೆ ಬದುಕಿಕೊಳ್ಳುತ್ತದೆ. ನನಗೆ ಹಿಗ್ಗೋ ಹಿಗ್ಗು. ಐದು ವರ್ಷ ಕಾಗದದ ಮೇಲೆ ಸಾಯಿಸಿ ಬದುಕಿಸಿದ ಕುರಿಗಳು ಈಗ ನಮ್ಮ ಹಟ್ಟಿಯ ಕುರಿಗಳಾಗಿದ್ದವು. ಭಾನುವಾರ ಊರಿಗೆ ಬಂದು ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದೆ. ನಮ್ಮ ರೊಪ್ಪಕ್ಕೆ, ಅಂದರೆ ಕುರಿದೊಡ್ಡಿಗೆ, ಅಂಟಿಕೊಂಡ ರೊಪ್ಪದ ನಿಂಗಕ್ಕ ಗಲ್ಲಕ್ಕೆ ಕೈಕೊಟ್ಟು ಕೇಳಿಸಿಕೊಂಡಳು.

"ನೂರಕ್ಕೆ ಇಪ್ಪತ್ತೈದು ಬಿಡ್ಬೇಕು ಅಂತೀಯ. ಯಾವ ಇಪ್ಪತ್ತೈದವ್ವ?"

"ಯಾವುದಾದ್ರೂ ಸರಿ ನಿಂಗಕ್ಕ."

"ಯಾವುದಾದ್ರೂ ಅನ್ನೋ ಕುರಿ ನಮ್ ರೊಪ್ಪದಾಗೆ ಇಲ್ಲ ಕಣೆ. ಕೊಂಬಿಲ್ಲದ ಬೋಡಿ ಐತೆ, ಕರೆಕಿವೀದು ಐತೆ, ಹೋದ್ಸಲ ಅವಳಿ ಹಾಕಿದ್ದು ಐತೆ. ಯಾವುದನ್ನ ಬಿಡ್ಲಿ ನೀನೇ ಹೇಳು."

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಯಾವುದನ್ನು ಬಿಟ್ಟರೂ ಲೆಕ್ಕ ಒಂದೇ ಎಂದು ದನಿ ಎತ್ತರಿಸಿ ಹೇಳಿದೆ. ಆಗಲಿ ತಾಯಿ, ನಿನ್ನ ಲೆಕ್ಕವೇ ಗೆಲ್ಲಲಿ ಎಂದು ಅವಳು ಎದ್ದು ಹೋದಳು.

ಈಗ ಹಟ್ಟಿಯಲ್ಲಿ ಒಟ್ಟು ಎಷ್ಟು ಕುರಿ ಇವೆ ಎಂದು ತಿಳಿಯಬೇಕಿತ್ತು. ಕಣ್ಣಲ್ಲಿ ಎಣಿಸುವಂತಿರಲಿಲ್ಲ. ಅರ್ಧಕ್ಕರ್ಧ ಮಂದೆ ಭರಮಸಾಗರದ ಕಡೆಯ ಕೊಯ್ಲಾದ ಹೊಲಗಳಿಗೆ ಮೇಯಲು ಹೋಗಿತ್ತು. ನಮ್ಮ ಕುರಿಗಳಲ್ಲೂ ಬಹುಪಾಲನ್ನು ನನ್ನ ತಮ್ಮ ಗಿರೀಶ್ ಹೊಡೆದುಕೊಂಡು ಹೋಗಿದ್ದ. ಲಸಿಕೆಯ ಹೊತ್ತಿಗೆ ಎಲ್ಲ ತಿರುಗಿ ಬರುತ್ತವೆ, ಆದರೆ ಎಷ್ಟು ಡೋಸ್ ಬೇಕೆಂದು ಅದಕ್ಕೆ ಮೊದಲೇ ಬರೆದು ಕಳಿಸಬೇಕು. ಹೀಗಾಗಿ ಬಾಯಿ ಲೆಕ್ಕವೇ ಗತಿ. ಬಾಯಿ ಲೆಕ್ಕ ಎಂಥದು ಎಂದು ಆಗಲೇ ಹೇಳಿದೆನಲ್ಲ.

ನಾನು ಅದಕ್ಕೂ ತಯಾರಾಗಿದ್ದೆ. ಎರಡು ವರ್ಷದ ಹಿಂದೆ ಮಾಳಿಗೆಯ ಮೇಲೆ ನಿಂತು, ಆರು ರೊಪ್ಪಗಳ ಕುರಿಗಳು ಬೆಳಗ್ಗೆ ಹೊರಗೆ ಬರುವಾಗ ಮೊಬೈಲಿನಲ್ಲಿ ಕದ್ದು ವಿಡಿಯೊ ಮಾಡಿ ಎಣಿಸಿದ್ದೆ. ಆ ಒಡೆಯರು ಬಾಯಲ್ಲಿ ಹೇಳಿದ ಸಂಖ್ಯೆಯ ಜೊತೆ ಹೋಲಿಸಿದ್ದೆ. ಒಬ್ಬರು ಹೆಚ್ಚು ಮುಚ್ಚಿಟ್ಟಿದ್ದರು, ಒಬ್ಬರು ಕಡಿಮೆ. ಸರಾಸರಿ ತೆಗೆದರೆ, ಬಾಯಲ್ಲಿ ಮೂರಂದರೆ ರೊಪ್ಪದಲ್ಲಿ ನಾಲ್ಕು. ಆ ಆರರಲ್ಲಿ ಒಂದು ನಮ್ಮದೇ. ಅಪ್ಪ ಆಗ ತೊಂಬತ್ತು ಎಂದಿದ್ದ. ವಿಡಿಯೊದಲ್ಲಿ ನೂರಾ ಇಪ್ಪತ್ತಿದ್ದವು.

ಇಪ್ಪತ್ತೆರಡು ಮನೆಗೂ ಹೋಗಿ ಕೇಳಿದೆ. ನಿಂಗಕ್ಕ ಅರವತ್ತು ಎಂದಳು, ಕಣ್ಣು ಮಿಟುಕಿಸದೆ. ಕೊನೆಗೆ ನಮ್ಮ ಮನೆ. ಅಪ್ಪ ಅಂಗಳದಲ್ಲಿ ಏನೂ ಹೇಳದೆ ರೊಪ್ಪದ ಹಿಂದಕ್ಕೆ ಕರೆದ.

"ನಾವು ಹೇಳಿದ್ದು ಸರಿಯಾಗಿಲ್ಲ ಅಂದ್ರೆ ನಿನ್ನ ಲೆಕ್ಕ ಕೆಡ್ತೈತಾ?"

"ಕೆಡ್ತೈತಪ್ಪ. ಇಡೀ ಹಟ್ಟೀದೇ ಕೆಡ್ತೈತೆ."

ಬಹಳ ಹೊತ್ತು ಬೇಲಿಯ ಮುಳ್ಳು ಸರಿಮಾಡುತ್ತ ನಿಂತ. ಸರಿಯಾಗಿಯೇ ಇದ್ದ ಮುಳ್ಳನ್ನು ಕಿತ್ತು ಮತ್ತೆ ಸಿಕ್ಕಿಸಿದ. ಆಮೇಲೆ, ಕುರಿಗಳಿಗೂ ಕೇಳಿಸಬಾರದು ಎನ್ನುವಷ್ಟು ಮೆಲ್ಲಗೆ, "ನೂರಾ ಮೂವತ್ತೆರಡು ಬರ್ಕ" ಎಂದ.

"ಅಷ್ಟೇನಾ?"

"ಬರ್ಕ ಅಂದೆ."

ಬರೆದುಕೊಂಡೆ. ದಾವಣಗೆರೆಯ ಬಸ್ಸಿನಲ್ಲಿ ಕೂತು ಎಲ್ಲರ ಸಂಖ್ಯೆಗೂ ನನ್ನ ಸೂತ್ರ ಹಚ್ಚಿದೆ. ಅಪ್ಪನ ಬಾಯಲ್ಲಿ ನೂರಾ ಮೂವತ್ತೆರಡು ಎಂದರೆ ರೊಪ್ಪದಲ್ಲಿ ನೂರಾ ಎಪ್ಪತ್ತಾರು ಇರಬೇಕು. ಎರಡು ವರ್ಷದಲ್ಲಿ ಮಂದೆ ಚೆನ್ನಾಗಿ ಬೆಳೆದಿದೆ ಎಂದು ಸಂತೋಷವೂ ಆಯಿತು. ಅವನು ಯಾಕೆ ಹಿಂದಕ್ಕೆ ಕರೆದ, ಯಾಕೆ ಅಷ್ಟು ಹೊತ್ತು ಮುಳ್ಳಿನ ಜೊತೆ ಗುದ್ದಾಡಿದ ಎಂದು ಆ ಮೂರು ಗಂಟೆಯ ದಾರಿಯಲ್ಲಿ ಒಮ್ಮೆಯೂ ಯೋಚಿಸಲಿಲ್ಲ. ನನ್ನ ಕೋಷ್ಟಕದಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ.

ಒಟ್ಟು ಬಾಯಿ ಲೆಕ್ಕ ಸಾವಿರದ ಐನೂರು. ನನ್ನ ಅಂದಾಜು ಎರಡು ಸಾವಿರ. ಅದರಲ್ಲಿ ಮುಕ್ಕಾಲು ಎಂದರೆ ಮತ್ತೆ ಸಾವಿರದ ಐನೂರು. ಮೊದಲು ಮೂರನ್ನು ನಾಲ್ಕು ಮಾಡಿ, ಆಮೇಲೆ ನಾಲ್ಕರಲ್ಲಿ ಮೂರು ತೆಗೆದುಕೊಂಡಿದ್ದೆ. ಜನ ಎಷ್ಟು ಹೇಳಿದ್ದರೋ ಅಷ್ಟೇ ಡೋಸ್ ಅವರವರ ಪಾಲಿಗೆ ತಿರುಗಿ ಬಂದಿತ್ತು. ಇಷ್ಟಕ್ಕೆ ಪಿಎಚ್‌ಡಿ ಬೇಕಿತ್ತಾ ಎಂದು ನನಗೇ ನಗು ಬಂತು.

ಲಸಿಕೆಯ ದಿನ ಬೆಳಗ್ಗೆ ಆರಕ್ಕೇ ಮೇಘಶ್ರೀ ಮೇಡಂ ಇಬ್ಬರು ಸಹಾಯಕರನ್ನು ಕರೆದುಕೊಂಡು ಐಸ್ ಡಬ್ಬದ ಜೊತೆ ಬಂದಿಳಿದರು. ಒಂದು ಸೀಸೆ ಒಡೆದು ಬೆರೆಸಿದ ಮೇಲೆ ಅದು ಎರಡು ಗಂಟೆಯೊಳಗೆ ಮುಗಿಯಬೇಕು, ಹಾಗಾಗಿ ಒಂದೇ ಓಟ. ನಾನು ಪಟ್ಟಿ ಓದುವುದು, ಅವರು ಸೂಜಿ ಹಾಕುವುದು, ಸೂಜಿ ಬಿದ್ದ ಕುರಿಯ ಬೆನ್ನಿಗೆ ನೀಲಿ ಬಣ್ಣ. ನಿಂಗಕ್ಕನ ರೊಪ್ಪದಲ್ಲಿ ಅರವತ್ತು ಮುಗಿದಾಗ ಇನ್ನೂ ಐವತ್ತು ಕುರಿ ಬಣ್ಣವಿಲ್ಲದೆ ನಿಂತಿದ್ದವು. ನಾನು ಇಪ್ಪತ್ತು ಉಳಿಯಬಹುದು ಎಂದುಕೊಂಡಿದ್ದೆ. ಎಲ್ಲೋ ಒಂದು ಕಡೆ ಹೆಚ್ಚು, ಎಲ್ಲೋ ಒಂದು ಕಡೆ ಕಡಿಮೆ, ಸರಾಸರಿಯಲ್ಲಿ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಮುಂದೆ ಹೋದೆ.

ಕೊನೆಯ ಸೀಸೆಗಳು ನಮ್ಮ ರೊಪ್ಪಕ್ಕೆ. ನೂರಾ ಮೂವತ್ತೆರಡನೇ ಡೋಸ್ ಮುಗಿದಾಗ ತಿರುಗಿ ನೋಡಿದೆ. ಎಲ್ಲ ಬೆನ್ನೂ ನೀಲಿ. ಬಣ್ಣ ಬೀಳದ ಕುರಿ ಒಂದೂ ಇಲ್ಲ.

"ಲೇ ಗಿರೀಶ, ಉಳಿದವು ಎಲ್ಲಿ? ಇನ್ನೂ ನಲವತ್ತನಾಲ್ಕು ಇರ್ಬೇಕಲ್ಲ?"

"ಯಾವ ನಲವತ್ತನಾಲ್ಕು ಅಕ್ಕ?" ಗಿರೀಶ್ ನನ್ನನ್ನು ವಿಚಿತ್ರವಾಗಿ ನೋಡಿದ. "ಇರೋವೇ ಇಷ್ಟು."

ಕೈಯಲ್ಲಿದ್ದ ಪಟ್ಟಿಯನ್ನು ಮತ್ತೆ ಓದಿದೆ. ಅಪ್ಪ ನಿಜ ಹೇಳಿದ್ದ. ಇಡೀ ಹಟ್ಟಿಯಲ್ಲಿ ಒಬ್ಬನೇ ಒಬ್ಬ ಒಡೆಯ ಮರಿ ಬಿಡದಂತೆ ನಿಜ ಹೇಳಿದ್ದ, ಮತ್ತು ನಾನು ಆ ನಿಜವನ್ನು ಸುಳ್ಳೆಂದು ತಿಳಿದು ತಿದ್ದಿದ್ದೆ. ನಮ್ಮದಕ್ಕೂ ಮುಕ್ಕಾಲಷ್ಟೇ ಹಾಕಿದ್ದರೆ ಮೂವತ್ತಮೂರು ಡೋಸ್ ಪಕ್ಕದ ರೊಪ್ಪಕ್ಕೆ ಹೋಗುತ್ತಿತ್ತು. ಮೇಡಂ ಕೈ ತೊಳೆದುಕೊಳ್ಳುತ್ತಿದ್ದರು. ಹೇಳಲೇ, ಬೇಡವೇ ಎಂದು ತಿಳಿಯಲಿಲ್ಲ. ಹೇಳಿದರೂ ಕುರಿಯ ಮೈಯಿಂದ ಲಸಿಕೆಯನ್ನು ವಾಪಸು ತೆಗೆಯುವ ಹಾಗಿರಲಿಲ್ಲ. ಪಟ್ಟಿಯನ್ನು ಮಡಿಸಿ ಚೀಲದೊಳಗೆ ಇಟ್ಟೆ. ರೋಗ ಬರಲಿಕ್ಕಿಲ್ಲ, ಬರುವ ಸಂಭವ ಕಡಿಮೆ ಎಂದು ನನ್ನ ಮಾದರಿಯೇ ಹೇಳುತ್ತಿತ್ತಲ್ಲ.

ತಿಂಗಳು ಕಳೆದ ಮೇಲೆ ನಿಂಗಕ್ಕನ ರೊಪ್ಪಕ್ಕೆ ಸಿಡುಬು ಬಿತ್ತು. ಬೇರೆ ಎಲ್ಲಿಗೂ ಹಬ್ಬಲಿಲ್ಲ. ಅವಳವು ಹತ್ತೊಂಬತ್ತು ಸತ್ತವು.

ಮೇಘಶ್ರೀ ಮೇಡಂ ಫೋನಿನಲ್ಲಿ ಖುಷಿಯಾಗಿದ್ದರು. "ಎರಡು ಸಾವಿರದಲ್ಲಿ ಮೂವತ್ತು ಹೋಗಬಹುದು ಅಂತ ನೀವು ಬರೆದಿದ್ರಿ, ಹತ್ತೊಂಬತ್ತಕ್ಕೇ ನಿಂತಿತು. ನಿಮ್ಮ ಮಾದರಿ ಗೆದ್ದಿತು ದೀಪಾ." ಹಾಗಾದರೆ ನಾನು ಗೆದ್ದಿದ್ದೆನೋ ಸೋತಿದ್ದೆನೋ? ಆ ವಾರವೆಲ್ಲ ಸಮೀಕರಣಗಳನ್ನು ಬಿಡಿಸಿ ಬಿಡಿಸಿ ನೋಡಿದೆ. ಒಟ್ಟು ಲೆಕ್ಕ ಸರಿ ಇತ್ತು. ಒಂದೊಂದು ರೊಪ್ಪದ ಲೆಕ್ಕ ತಪ್ಪಿತ್ತು. ಅಷ್ಟೊಂದು ತಪ್ಪುಗಳು ಸೇರಿ ಒಂದು ಸರಿ ಹೇಗಾಯಿತು ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಸತ್ತ ಬೋಡಿಯ ಮುಂದೆ ಕೂತಿದ್ದ ನಿಂಗಕ್ಕನಿಗೆ ಹೇಳಲು ಒಂದು ಸಾಲೂ ಹೊಳೆಯಲಿಲ್ಲ.

ಭಾನುವಾರ ಕಟ್ಟೆಗೆ ಕರೆ ಬಂತು. ಎಲ್ಲರೂ ಸೇರಿದ್ದರು. ನಿಂಗಕ್ಕ ನಿಂತುಕೊಂಡೇ ಮಾತಾಡಿದಳು.

"ಎಲ್ಲಾರಿಗೂ ಮುಕ್ಕಾಲು ಅಂದ್ಯಲ್ಲ ದೀಪಾ. ನಿಮ್ಮಪ್ಪನ ರೊಪ್ಪದಾಗೆ ಬಣ್ಣ ಬೀಳದ ಕುರಿ ಒಂದು ತೋರ್ಸು. ನಮ್ಮವು ಹತ್ತತ್ರ ಅರ್ಧ ಹಂಗೇ ಉಳಿದ್ವು. ಇದೇನಾ ನೀನು ಓದಿದ್ದು?"

ಹೇಳಲು ನನ್ನ ಬಳಿ ಉತ್ತರವಿತ್ತು: ಅಪ್ಪ ಪೂರ್ತಿ ಲೆಕ್ಕ ಹೇಳಿದ, ನೀವೆಲ್ಲ ಕಡಿಮೆ ಹೇಳಿದಿರಿ. ಹಾಗೆಂದರೆ ನನ್ನ ಮೇಲಿನ ಕಳಂಕ ಹೋಗುತ್ತಿತ್ತು. ಆದರೆ ಒಡೆಯನಾಗಿಯೂ ಪೂರ್ತಿ ಲೆಕ್ಕ ಬಾಯಿಬಿಟ್ಟವನು ಎಂದು ಅಪ್ಪ ಇಡೀ ಹಟ್ಟಿಯ ಎದುರು ನಿಲ್ಲಬೇಕಾಗುತ್ತಿತ್ತು. ಹೇಳದಿದ್ದರೆ ನಾನು ಅಪ್ಪನಿಗೆ ಹೆಚ್ಚು ಕೊಟ್ಟ ಕಳ್ಳಿ. ಕಳ್ಳಿಯಾಗಿಯೇ ಇರೋಣ ಎಂದುಕೊಂಡು ತಲೆ ತಗ್ಗಿಸಿದೆ.

ಅಪ್ಪ ಎದ್ದು ನಿಂತ.

"ಅವಳ್ದೇನೂ ತಪ್ಪಿಲ್ಲ. ನಾನು ಪೂರ್ತಿ ಹೇಳ್ದೆ. ಮರಿ ಸಮೇತ."

ಕಟ್ಟೆಯ ಮೇಲೆ ಯಾರೋ ಒಬ್ಬರು ಅವನಿಂದ ತುಸು ಸರಿದು ಕೂತರು.

"ಬಾಯಿಬಿಟ್ಟು ಹೇಳಿದ್ಯಾ ಉಗ್ರಪ್ಪಣ್ಣ?" ನಿಂಗಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು. "ಹೇಳಿದೋನು ನೀನು. ಸತ್ತಿದ್ದು ನನ್ನವಾ?"

ಅವಳು ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿದಳು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು, ನನ್ನ ಗೈಡ್ ಕೂಡ ಕೇಳದ ಪ್ರಶ್ನೆ ಕೇಳಿದಳು.

"ಪೂರ್ತಿ ಹೇಳಿದ್ರೂ ಮುಕ್ಕಾಲೇ ಬರ್ಬೇಕಿತ್ತಲ್ಲ? ನಿಂಗೆ ಪೂರ್ತಿ ಹೆಂಗ್ ಬಂತು?"

ಅಪ್ಪ ನನ್ನ ಕಡೆ ತಿರುಗಿದ. ಇಷ್ಟು ದಿನ ಅದು ಅವನಿಗೂ ಹೊಳೆದಿರಲಿಲ್ಲ ಎಂದು ಅವನ ಮುಖ ನೋಡಿದಾಗಲೇ ತಿಳಿದದ್ದು. ಇದಕ್ಕೂ ಮಗಳ ಹತ್ತಿರ ಒಳ್ಳೆಯ ಉತ್ತರವಿದ್ದೇ ಇರುತ್ತದೆ ಎನ್ನುವ ನಂಬಿಕೆ ಆ ಮುಖದಲ್ಲಿ ಇನ್ನೂ ಇತ್ತು.

"ಹೇಳವ್ವ," ಎಂದ.

"ನೀನು ಕಡಿಮೆ ಹೇಳೀಯ ಅಂದ್ಕಂಡೆ ಅಪ್ಪ," ಎಂದೆ. "ಎಲ್ಲಾರಂಗೆ. ನಿಂದೂ ಜಾಸ್ತಿ ಮಾಡಿ ನೂರಾ ಎಪ್ಪತ್ತಾರು ಅಂತ ಹಿಡಿದೆ."

ಅಪ್ಪ ಮೆಲ್ಲಗೆ ಕೂತ. ಹೆಗಲಿನಿಂದ ಜಾರಿದ ಕಂಬಳಿಯನ್ನು ಎತ್ತಿಕೊಳ್ಳಲಿಲ್ಲ. ಮತ್ತೆ ಮಾತಾಡಿದಾಗ ಹಟ್ಟಿಗೆ ಹೇಳುವಂತಿರಲಿಲ್ಲ, ರೊಪ್ಪದ ಹಿಂದೆ ನಾವಿಬ್ಬರೇ ನಿಂತಿರುವಂತೆ ಹೇಳಿದ.

"ಸರ್ಕಾರಕ್ಕೆ ಹೇಳಿದ್ದಲ್ಲ ಕಣವ್ವ ನಾನು. ನಿಂಗೆ ಹೇಳಿದ್ದು."