ಮುಯ್ಯಾಳು ಪಕ್ಷ

ನಗಬೇಡಿ, ಪಕ್ಷದ ಹೆಸರೇ ಮುಯ್ಯಾಳು ಪಕ್ಷ. ಇವತ್ತು ನಿನ್ನ ತೋಟಕ್ಕೆ ನಾನು, ನಾಳೆ ನನ್ನ ತೋಟಕ್ಕೆ ನೀನು ಎನ್ನುವ ಮುಯ್ಯಾಳಿನಿಂದಲೇ ಯಸಳೂರಿನ ಸಣ್ಣ ಬೆಳೆಗಾರರು ಕಾಫಿ ಕುಯ್ದುಕೊಂಡು ಬಂದವರು. ಆನೆ ತುಳಿದ ತೋಟಕ್ಕೆ ಪರಿಹಾರ ಕೇಳಲು ಹೋದಾಗಲೆಲ್ಲ ಸರ್ಕಾರಿ ಕಚೇರಿಯ ಗೇಟಿನ ಹೊರಗೇ ನಿಂತು ಸಾಕಾಗಿ, ಎರಡೆಕರೆಯ ಪಂಕಜಾಕ್ಷಿ ಒಂದು ದಿನ ಎಲ್ಲರನ್ನೂ ಕಾಫಿ ಕಣದಲ್ಲಿ ಕೂರಿಸಿಕೊಂಡು ಪಕ್ಷ ಕಟ್ಟಿಯೇಬಿಟ್ಟಳು. ಪ್ರಚಾರಕ್ಕೆ ಹೋದವರ ತೋಟದಲ್ಲಿ ಉಳಿದವರು ದುಡಿದುಕೊಡಬೇಕು. ಪಕ್ಷದ ಬಂಡವಾಳ ಅಷ್ಟೇ.

ಜಿಲ್ಲಾ ಪಂಚಾಯಿತಿ ಚುನಾವಣೆ ಬಂತು. ಯಸಳೂರಿಗೆ ಪಂಕಜಾಕ್ಷಿಯೇ ನಿಂತಳು, ಆದರೆ ಒಬ್ಬಳೇ ಗೆಲ್ಲುವಷ್ಟು ಓಟು ಎಲ್ಲಿತ್ತು? ಆಗ ಹಳೆಯ ದೊಡ್ಡ ಪಕ್ಷವೊಂದರ ನವೀನ್‌ಕುಮಾರ್ ತಾನಾಗಿಯೇ ಮೈತ್ರಿಗೆ ಬಂದ. ದೊಡ್ಡ ಎಸ್ಟೇಟಿನ ಧಣಿ, ಕೆ. ಹೊಸಕೋಟೆ ಕ್ಷೇತ್ರದ ಅಭ್ಯರ್ಥಿ. ಮೊದಲು ನೀವು ನನ್ನ ಹೊಸಕೋಟೆ ಸುತ್ತಿ, ಆಮೇಲೆ ನಾನು ನಿಮ್ಮ ಯಸಳೂರು ಸುತ್ತುತ್ತೇನೆ ಎಂದ. ಇದೂ ಮುಯ್ಯಾಳೇ ಅಲ್ಲವೇ ಎಂದು ಇವರು ಹಿಗ್ಗಿದರು. ಪಾಪ, ಹಣ್ಣಾದ ಮೆಣಸನ್ನು ಬಳ್ಳಿಯಲ್ಲೇ ಬಿಟ್ಟು ಹೊಸಕೋಟೆಯ ಮನೆಮನೆಗೂ ಹೋಗಿ ಅವನಿಗೆ ಓಟು ಕೇಳಿದರು.

ಇವರ ಸರದಿ ಬಂದ ದಿನ ಯಸಳೂರಿಗೆ ಬಂದದ್ದು ಒಂದು ಜೀಪು. ಅದರ ತುಂಬ ಹೊಸ ಶಾಲು ಹೊದ್ದ ಕೂಲಿಯವರು. ಧಣಿಯ ಸುಳಿವಿಲ್ಲ, ಅವನ ಪಕ್ಷದ ಒಂದು ನರಪಿಳ್ಳೆಯೂ ಇಲ್ಲ. ಫೋನು ಮಾಡಿದರೆ, ಆಳು ತಾನೇ ಬೇಕಿದ್ದದ್ದು, ಕಳಿಸಿದ್ದೇನಲ್ಲ ಎಂದು ನಕ್ಕ. ಮುಯ್ಯಾಳು ಎಂದರೆ ತಾನೇ ಬಂದು ಮೈ ಬಗ್ಗಿಸಬೇಕು. ಕೂಲಿಯವರನ್ನು ಕಳಿಸಿದರೆ ಮುಖಕ್ಕೆ ಉಗಿದ ಹಾಗೆ. ಸಂಬಳದ ಆಳುಗಳ ನಡುವೆ ಬೆಳೆದವನಿಗೆ ಇದೆಲ್ಲ ಯಾಕೆ ಗೊತ್ತಿರುತ್ತದೆ?

ಪಂಕಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಬಂದವರದೇನು ತಪ್ಪು ಎಂದು ಕಾಫಿ ಕುಡಿಸಿ ಜೀಪನ್ನು ಹಿಂದಕ್ಕೆ ಕಳಿಸಿದಳು. ಪಕ್ಷದ ಹಿರಿಯ ಕೃಷ್ಣಪ್ಪ ಮಾತ್ರ, ಅವನ ಪಕ್ಷದ ಓಟು ಬೀಳದಿದ್ದರೆ ಮುಳುಗಿದೆವು, ಈ ಒಂದು ಸಲ ನುಂಗಿಕೋ ಎಂದು ಗೋಗರೆದ.

"ಮುಯ್ಯಿ ತೀರಿಸ್ದೇ ಇರೋನ ತೋಟಕ್ಕೆ ಯಾರಾದ್ರೂ ಕಾಲಿಡ್ತಾರಾ ಕೃಷ್ಣಣ್ಣ? ಅವ್ನಿಗೆ ಅಂತ ಕೇಳಿದ ಓಟ್ನ ನಾವೇ ಹೋಗಿ ಬ್ಯಾಡ ಅನ್ಬೇಕು."

ಮರುದಿನ ಬೆಳಿಗ್ಗೆ ಇಡೀ ಪಕ್ಷವೇ ಹೊಸಕೋಟೆಯಲ್ಲಿ ಬಸ್ಸಿಳಿಯಿತು. ಮೊದಲ ಮನೆ ಭದ್ರಮ್ಮನದು. ಪಂಕಜಾಕ್ಷಿಯ ಮಾತು ನಂಬಿ ನವೀನ್‌ಕುಮಾರನಿಗೇ ಓಟು ಎಂದಿದ್ದ ಮುದುಕಿ. ಪಂಕಜಾಕ್ಷಿ ಸುತ್ತಿಬಳಸಲಿಲ್ಲ. ಅವನು ಮಾತಿಗೆ ನಿಲ್ಲುವವನಲ್ಲ, ನನ್ನ ಮುಖ ನೋಡಿ ಅವನಿಗೆ ಓಟು ಹಾಕಬೇಡಿ ಎಂದು ನಡೆದದ್ದನ್ನೆಲ್ಲ ಹೇಳಿದಳು.

ಭದ್ರಮ್ಮ ಅವಳನ್ನೇ ದಿಟ್ಟಿಸಿದಳು. "ನಿಮ್ಮೂರಲ್ಲಿ ಅವ್ನ ಜನದ ಓಟು ಐತಲ್ಲ, ಅದು ನಿಂಗೆ ಬೀಳ್ತದಾ ಇನ್ನು? ಸೋತೋಗ್ತೀಯ ಕಣವ್ವ."

"ಸೋಲ್ತೀನಿ ಕಣಜ್ಜಿ. ಗೊತ್ತಿದ್ದೇ ಬಂದಿದೀನಿ. ಸೋತ್ರೂ ನಾಳೆ ನನ್ನ ತೋಟಕ್ಕೆ ಜನ ಬತ್ತಾರೆ. ಗೆದ್ದೋನ ತೋಟಕ್ಕೆ ಕೂಲಿ ಇಲ್ದೆ ಯಾರು ಬತ್ತಾರೆ, ಕೇಳಿ ನೋಡು."

ನುಂಗಿಕೋ ಎಂದು ಗೋಗರೆದಿದ್ದ ಕೃಷ್ಣಪ್ಪ ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದ.